ನಕ್ಷೆಯ ತೂತು

ನಮ್ಮ ಶಾಲೆಯ ಗೋಡೆಗೆ ಸ್ಪೇನಿನ ನಕ್ಷೆ ತೂಗುಹಾಕಿತ್ತು.
ನಮ್ಮೂರು ಫ್ವೆನ್ಸಲೇರಾ ಅದರಲ್ಲಿರಲಿಲ್ಲ,
ಇರಬೇಕಾದಲ್ಲಿ ಒಂದು ತೂತಿತ್ತು.
ವರ್ಷದ ಮೊದಲ ದಿನ ಪೆತ್ರೋನಿಲಾ ಟೀಚರು
"ನಾವೆಲ್ಲಿದ್ದೇವೆ?" ಎಂದು ಕೇಳುವುದು,
ಅವರಿಗಿಂತ ಮುಂಚಿನವರೂ ಕೇಳಿದ್ದು ಅದನ್ನೇ,
ಒಬ್ಬೊಬ್ಬರೇ ಎದ್ದು ಹೋಗಿ ಬೆರಳಿಡುವುದು.
ಇಟ್ಟ ಬೆರಳುಗಳೇ ಊರನ್ನು ಸವೆಸಿ
ಹಿಂದಿನ ಸುಣ್ಣದ ಗೋಡೆ ಇಣುಕುತ್ತಿತ್ತು.

ತಪ್ಪೇನೂ ಆಗಿರಲಿಲ್ಲ.
ಗುಡ್ಡ ಹತ್ತಿ ನೋಡಿದರೆ ನಾವು ಅಷ್ಟೇ:
ಕೆಂಪು ಮಣ್ಣು, ಕೆಂಪು ಮಣ್ಣು,
ನಡುವೆ ಉಪ್ಪಿನ ಮಡಿಗಳ ಒಂದು ಬಿಳಿ ಕಲೆ.

ಯಾವ ದಿಕ್ಕಿಗೆ ಹೊರಟರೂ ಕಡಲಿಗೆ
ಹೇಸರಗತ್ತೆಯ ಕಾಲಲ್ಲಿ ಹತ್ತು ಹಗಲು.
ಪುರಸಭೆಯ ಬಾಗಿಲ ಹಿತ್ತಾಳೆ ಬಿಲ್ಲೆಯ ಮೇಲೆ ಬರೆದಿದೆ:
ಸಮುದ್ರಮಟ್ಟದಿಂದ ಒಂಬೈನೂರ ಅರವತ್ತು ಮೀಟರು.
ಅದಕ್ಕೇ ಬೆನ್ನು ಉಜ್ಜಿಕೊಂಡು ಸಾತೂರ್ಯೋ ಮಾವ ಅನ್ನುತ್ತಿದ್ದ:
"ಸುಳ್ಳು ಕಣೇ. ಕಡಲಿರುವುದು ಬಾವಿಯಲ್ಲಿ,
ಹದಿನಾಲ್ಕು ಮಾರು ಕೆಳಗೆ.
ಹಳೇ ಕಡಲು. ಹೋಗುವಾಗ ಒಂದಿಷ್ಟನ್ನು ಇಲ್ಲೇ ಬಿಟ್ಟುಹೋಯಿತು,
ನೆಂಟರು ಕೊಡೆ ಮರೆತುಹೋಗುವ ಹಾಗೆ."

ಉಪ್ಪು ತಿಂದವರು ನೀರು ಕುಡಿಯಲೇಬೇಕು;
ಉಪ್ಪು ನೆಲದ್ದು, ಕುಡಿಯುವ ನೀರೋ
ಎರಡು ಹರದಾರಿ ಆಚೆಯಿಂದ, ಕತ್ತೆಯ ಮೇಲೆ.

ರೋಮಿನವರು ಬಂದು ಬಾವಿಗೆ ಕಲ್ಲು ಕಟ್ಟಿದರು.
ಅರಬರು ಬಂದು ರಾಟೆ ಹೂಡಿದರು, ಹೋದರು;
ರಾಟೆ ಮುರಿಯಿತು, ಅವರಿಟ್ಟ ಹೆಸರು ಇನ್ನೂ ನಮ್ಮ ಬಾಯಲ್ಲಿದೆ: ನೋರಿಯಾ.
ದೊರೆಗಳು ಬರಲಿಲ್ಲ, ಬೀಗ ಕಳಿಸಿದರು.
ಉಗ್ರಾಣಕ್ಕೆ ಮೂರು ಬೀಗ, ಕೀಲಿ ಮೂವರ ಸೊಂಟದಲ್ಲಿ,
ಪಾದ್ರಿ, ಗುಮಾಸ್ತ, ಕಾವಲುಗಾರ.
ಮೂವರಿಗೂ ಒಟ್ಟಿಗೆ ಎಚ್ಚರವಿದ್ದ ದಿನ ಬಾಗಿಲು ತೆರೆಯುತ್ತಿತ್ತು.
ರೈಲು ಬರುತ್ತೇನೆಂದಿತು. ಸ್ಟೇಷನ್ನು ಕಟ್ಟಿದರು.
ಅಲ್ಲೀಗ ಕುರಿಗಳಿವೆ.
ಯುದ್ಧದ ಮೂರು ವರ್ಷಕ್ಕೆ
ಊರ ಲೆಕ್ಕದ ಪುಸ್ತಕದಲ್ಲಿ ಹಾಳೆಗಳಿಲ್ಲ.
ಯಾರು ಹರಿದರೆಂದು ಎಲ್ಲರಿಗೂ ಗೊತ್ತು,
ಅವರ ಮೊಮ್ಮಗಳ ಅಂಗಡಿಯಲ್ಲೇ ನಾವು ಬ್ರೆಡ್ಡು ಕೊಳ್ಳುವುದು.

ಓನೊರೀನಾಳ ವಿಷಯ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.
ನನ್ನ ಅಜ್ಜಿಯ ಅಜ್ಜಿ ಆಕೆ.
ದೀಕ್ಷಾಸ್ನಾನದಲ್ಲಿ ಆಗ ಕೂಸಿನ ನಾಲಿಗೆಗೆ
ಒಂದು ಹರಳು ಉಪ್ಪಿಡುತ್ತಿದ್ದರು.
ಆಕೆ ಹೊರಗಿನಿಂದಲೇ ಇಟ್ಟಳು: ಬಟ್ಟೆಯ ಮಡಿಕೆಯಲ್ಲಿ
ಎರಡು ಸೇರು ಸುತ್ತಿ, ಕೂಸನ್ನೆತ್ತಿಕೊಂಡು
ಸುಂಕದ ಕಟ್ಟೆ ದಾಟಿ ಪಕ್ಕದೂರ ಇಗರ್ಜಿಗೆ.
ಅದೇ ಕೂಸು, ಏಳು ಊರು, ಏಳು ಸಲ.
ಎಂಟನೆಯ ಸಲ ಕಾವಲಿನ ಲಿಯೋನ್ಸ್ಯೋ ತಡೆದ.
"ಎಷ್ಟು ಸಲ ಕ್ರೈಸ್ತನಾಗಬೇಕಮ್ಮಾ ಇವನು?"
ಬಗ್ಗಿ ಕೂಸಿನ ಹಣೆ ನೆಕ್ಕಿದ.
"ಬೆವರು," ಅಂದಳು ಓನೊರೀನಾ.
ಡಿಸೆಂಬರು. ಅವನ ಮೀಸೆಯಲ್ಲಿ ಮಂಜುಗಡ್ಡೆ.
"ಹೌದು, ಸೆಕೆ," ಅಂದ. ಅಡ್ಡಗೋಲು ಎತ್ತಿದ.

ದೊರೆಯ ಉಪ್ಪುಂಡವನು ಅಂದು ಎರಡು ಬಗೆದ.
ಯಾಕೆಂದು ಯಾರೂ ಹೇಳಲಿಲ್ಲ.
ಕೂಸಿನ ಕಿವಿಗಳು ಮೊರದ ಹಾಗಿದ್ದವಂತೆ, ಲಿಯೋನ್ಸ್ಯೋನವೂ.
ನಾನು ಕೂದಲು ಇಳಿಬಿಡುತ್ತೇನೆ.

ಈಗ ನಾವು ನಲವತ್ತಮೂರು ಜನ.
ಮೂರೂ ಕೀಲಿ ನನ್ನೊಬ್ಬಳ ಬಳಿ,
ಉಗ್ರಾಣದಲ್ಲಿ ಪಾರಿವಾಳದ ಹಿಕ್ಕೆ.
ಶಾಲೆ ಮುಚ್ಚಿದಾಗ ನಕ್ಷೆಯನ್ನು ನಾನೇ ತಂದು
ಅಡುಗೆಮನೆಯಲ್ಲಿ ಮೊಳೆ ಹೊಡೆದೆ.
ನೋಡಬಂದವರಿಗೆ ಬಾವಿಯ ನೀರಲ್ಲಿ ಹಸಿ ಮೊಟ್ಟೆ ತೇಲಿಸಿ ತೋರಿಸುತ್ತೇನೆ,
ನಂಬದವರಿಗೆ ಮೊಟ್ಟೆಯನ್ನೇ ಕೈಗೆ ಕೊಡುತ್ತೇನೆ.

ಮೊನ್ನೆ ಇಲಿಂಕಾ ಬಂದಿದ್ದಳು,
ಸ್ಟೇಷನ್ನಿನ ಕುರಿ ಕಾಯುವ ರುಮೇನಿಯದವರ ಮಗಳು, ಆರು ವರ್ಷ.
ಆ ಪ್ರಶ್ನೆ ನಾನು ಕೇಳಿರಲಿಲ್ಲ.
ತಾನಾಗಿಯೇ ಕುರ್ಚಿ ಎಳೆದು ಹತ್ತಿ
ತೂತಿನೊಳಗೆ ಬೆರಳಿಟ್ಟಳು,
ಗೋಡೆ ಕೆರೆದಳು, ಬೆರಳು ಬಾಯಿಗಿಟ್ಟಳು.
"ಉಪ್ಪು," ಅಂದಳು, ದೂರು ಹೇಳುವಂತೆ.

ಒಲೆಯ ಮೇಲೆ ಆಲೂಗಡ್ಡೆ ಬೆಂದಿತ್ತು.
ಇಳಿಸಿದೆ.