ಅನುಭವ ಪತ್ರ

ಎಂ.ಟೆಕ್., ಕೈಗಾರಿಕಾ ಉತ್ಪಾದನೆ.
ಸೀಟು ಹದಿನೆಂಟು.
ಅದರಲ್ಲಿ ಮೂರು, ದುಡಿದು ಬಂದವರಿಗೆ:
ಎರಡು ವರ್ಷದ ಅನುಭವ, ಕಂಪನಿಯ ಲೆಟರ್‌ಹೆಡ್ಡಿನಲ್ಲಿ,
ಮೊಹರು ಸ್ಪಷ್ಟವಾಗಿರತಕ್ಕದ್ದು.

ಎಂಟು ಸೆಮಿಸ್ಟರಿನ ಅಂಕಪಟ್ಟಿ ಇದೆ.
ನಾಲ್ಕನೆಯದರ ಅಂಚಿಗೊಂದು ಕರಿ ಹೆಬ್ಬೆಟ್ಟು;
ಅವ್ವ ಸೆರಗಿನಲ್ಲಿ ಒರೆಸಿದಳು, ಅದು
ಥರ್ಮೋಡೈನಮಿಕ್ಸಿನ ಮೇಲೂ ಹರಡಿತು.
ಪ್ರವೇಶ ಪರೀಕ್ಷೆಯ ರ್‍ಯಾಂಕಿದೆ, ಯಾರೂ ಕೇಳದಿದ್ದರೆ ಒಳ್ಳೆಯದು.
ಜಾತಿ, ಆದಾಯ, ಟಿ.ಸಿ., ಆರು ಫೋಟೊ,
ಆರರಲ್ಲೂ ಅದೇ ಬೆದರಿದ ಮುಖ.
ಲೆಟರ್‌ಹೆಡ್ಡಿಲ್ಲ.

ಕೆಲಸಕ್ಕೆ ಸೇರಿದ್ದು ಆರರ ಪ್ರಾಯಕ್ಕೆ, ಕೇಸರೆಯಲ್ಲಿ,
ಶೀಟಿನ ಮನೆಯ ಹೊಸಿಲೊಳಗೆ.
ನೇಮಕದ ಆದೇಶ: "ಆ ಕಡ್ಡಿ ಕಟ್ಟು ಇತ್ತ ತಳ್ಳು ಮಗ."
ಇದ್ದಿಲ ಪುಡಿ, ಜಿಗಟು, ನೀರು;
ಮಣೆ ಮೇಲೆ ಕಡ್ಡಿ, ಕಡ್ಡಿ ಮೇಲೆ ಅಂಗೈ,
ಹೋಗಿ ಬಂದರೆ ಒಂದು ಊದುಬತ್ತಿ.
ಪರಿಮಳ ಬೇರೆಲ್ಲೋ ಅದ್ದುತ್ತಾರೆ.
ನಮ್ಮದು ವಾಸನೆ ಇಲ್ಲದ ವಿಭಾಗ.

ಏಜೆಂಟ್ ಜವರಪ್ಪನವರನ್ನು ಕೇಳಿದೆ, ಅಣ್ಣಾ ಒಂದು ಪತ್ರ.
ಗಾಡಿಯ ಮೇಲೆ ಕೂತೇ ನಕ್ಕರು:
"ನಂಗೇ ಯಾರೂ ಕೊಟ್ಟಿಲ್ಲ ಕಣವ್ವ, ನಿಂಗೆಲ್ಲಿಂದ ತರಲಿ?"
ಕೊನೆಗೆ ಲೆಕ್ಕದ ಪುಸ್ತಕಗಳನ್ನೇ ಚೀಲಕ್ಕೆ ತುಂಬಿದೆ.
ಹತ್ತೊಂಬತ್ತು, ವರ್ಷಕ್ಕೊಂದು, ಅಂಗೈಯಗಲದವು.
ದಿನಕ್ಕೊಂದು ಸಾಲು, ಸಾಲಿಗೊಂದು ಸಂಖ್ಯೆ:
ನಾಲ್ಕು ಸಾವಿರ, ಮೂರೂ ಮುಕ್ಕಾಲು,
ಅಜ್ಜಿ ತೀರಿಕೊಂಡ ದಿನ ಎಂಟುನೂರು.
ರಟ್ಟಿನ ಮೇಲೆ ಹೊಂಬಾಳಮ್ಮ;
ಮೂರನೆಯದರಿಂದಾಚೆಗೆ, ಸಣ್ಣಕ್ಷರದಲ್ಲಿ, 'ಮತ್ತು ಹುಡುಗಿ'.

ದಾಖಲೆ ನೋಡುವ ಕಿಟಕಿಯಲ್ಲಿ ಗುಮಾಸ್ತರು ತಿರುಗಿಸಿ ತಿರುಗಿಸಿ,
"ಇದೇನಮ್ಮ, ಹಾಲಿನ ಲೆಕ್ಕವಾ?
ಈ ಹುಡುಗಿ ಯಾರು?"
ನಾನೇ ಸರ್.
ಅವರ ಹತ್ತಿರ ಅದಕ್ಕೆ ಸೀಲಿರಲಿಲ್ಲ. ಒಳಗೇ ಕೇಳಿ, ಎಂದರು.

ಒಳಗೆ ಮೂವರು, ಒಂದು ಫ್ಯಾನು,
ತಟ್ಟೆಯಲ್ಲಿ ಯಾರೂ ಮುಟ್ಟದ ಬಿಸ್ಕತ್ತು.
"ಸ್ಟ್ಯಾಂಡರ್ಡ್ ಟೈಮ್ ಅಂದರೇನು?"
ಕಣ್ಣಿಗೆ ಕಂಡ ಸಮಯ ಸರ್, ಅದನ್ನು
ಕೈಯ ಚುರುಕಿನಿಂದ ಗುಣಿಸಿ,
ದಣಿವಿಗಿಷ್ಟು, ಬಾಯಾರಿಕೆಗಿಷ್ಟು,
ಅಡ್ಡಿಗಿಷ್ಟು ಅಂತ ಕೂಡಬೇಕು.
"ಯಾವತ್ತಾದರೂ ಅಳೆದಿದ್ದೀರಾ?"

ಅಳೆದಿದ್ದೆ. ಐದನೇ ಸೆಮಿಸ್ಟರಿನ ರಜೆ,
ಪಕ್ಕದ ಮನೆ ಜಬೀನಳ ಫೋನಿನ ಸ್ಟಾಪ್‌ವಾಚು.
ಪಠ್ಯದಲ್ಲಿ ಎಚ್ಚರಿಕೆಯಿತ್ತು: ಅಳೆಯುವವರು ಎದುರಿದ್ದರೆ
ಕೆಲಸಗಾರ ಬೇಕೆಂದೇ ನಿಧಾನಿಸುತ್ತಾನೆ,
ಅಷ್ಟನ್ನು ಸರಿಪಡಿಸಿಕೊಳ್ಳಿ.
ಅವ್ವ ಓಡಿದಳು.
ಆರು ಸೆಕೆಂಡಿನ ಕಡ್ಡಿ ನಾಲ್ಕಕ್ಕಿಳಿಯಿತು,
ಬಂದ ಕೆಮ್ಮನ್ನು ಬಾಯಿ ಬಿಗಿದು ನುಂಗಿ,
ಮಗಳಿಗೆ ನಂಬರು ಜಾಸ್ತಿ ಬೀಳಲಿ ಅಂತ.
ಅದನ್ನು ಸರಿಪಡಿಸುವ ಸೂತ್ರ
ನನಗಿನ್ನೂ ಸಿಕ್ಕಿಲ್ಲ.

ಅಳೆದಿದ್ದೇನೆ ಸರ್, ಎಂದಷ್ಟೇ ಅಂದೆ.

ತುದಿಯಲ್ಲಿದ್ದ ಮೇಡಂ ಅಷ್ಟು ಹೊತ್ತೂ
ಆ ಪುಸ್ತಕಗಳನ್ನೇ ಮಗುಚುತ್ತಿದ್ದರು, ಬೆರಳು ಕಪ್ಪಾಗಿತ್ತು.
"ವಾರಕ್ಕೊಂದು ದಿನ ಲೆಕ್ಕ ಬೀಳುತ್ತಲ್ಲ,
ಪ್ರತಿ ಮಂಗಳವಾರ, ಹನ್ನೊಂದು ವರ್ಷ. ಯಾಕೆ?"
ನಮ್ಮ ಬೀದಿಗೆ ಅವತ್ತು ನೀರು ಬಿಡ್ತಾರೆ ಮೇಡಂ,
ಮಧ್ಯಾಹ್ನದವರೆಗೂ ಕೊಡ.
"ಅದಕ್ಕೂ ಮುಂಚೆ?"
ಮುಂಚೆ ಶುಕ್ರವಾರ.
ಹಿಂದಕ್ಕೆ ಮಗುಚಿ ನೋಡಿದರು. ಶುಕ್ರವಾರ ಬಿದ್ದಿತ್ತು.
ಪೆನ್ಸಿಲಿನಲ್ಲಿ ಏನೋ ಬರೆದು,
ಬರೆದದ್ದರ ಕೆಳಗೊಂದು ಗೆರೆ ಎಳೆದು,
ಮುಂದಿನವರನ್ನು ಕಳಿಸಿ, ಎಂದರು.

ಸಿಟಿ ಬಸ್ಸು ಕೇಸರೆ ಮುಟ್ಟುವಾಗ ದೀಪ ಹತ್ತಿತ್ತು.
ಪಟ್ಟಿ ಸೋಮವಾರ ಅಂಟಿಸುತ್ತಾರಂತೆ.
ಅವ್ವ ಮಣೆ ಬಿಟ್ಟೇಳಲಿಲ್ಲ. "ಏನ್ ಕೇಳುದ್ರು?"
ಮಂಗಳವಾರದ ವಿಷಯ.
ಅಂಗೈ ನಿಂತಿತು, ಒಂದು ಕಡ್ಡಿಯ ಹೊತ್ತು.
"ನೀರ್ ಬರೋದು ಅವ್ರಿಗೆಂಗ್ ಗೊತ್ತಾಯ್ತು?"