ಅರವತ್ತೆರಡನೇ ಮಿಲಿಮೀಟರು

ಕೂರ್ಗಳ್ಳಿಯ ಶೆಡ್ಡಿನಲ್ಲಿ ರಾತ್ರಿ ಪಾಳಿ. ಕಂಪ್ರೆಸರು
ನಾಲ್ಕು ನಿಮಿಷಕ್ಕೊಮ್ಮೆ ಎದ್ದು ಕೆಮ್ಮಿ ಮಲಗುತ್ತದೆ.
ಅತ್ತರಿನ ಸೀಸೆಗೆ ಬಿರಡೆ ಒತ್ತುವ ಸಿಲಿಂಡರು
ನನ್ನ ಪಾಲಿಗೆ ಬಂದಿದೆ:
ಅರವತ್ತೆರಡು ಮಿಲಿಮೀಟರು ಇಳಿದು ನಿಲ್ಲಬೇಕು.
ಅರವತ್ತಮೂರಕ್ಕೆ ಗಾಜು ಸೀಳುತ್ತದೆ,
ಅರವತ್ತೊಂದಕ್ಕೆ ಗಂಧ ಸೋರುತ್ತದೆ.

ಕವಾಟಕ್ಕೆ ಬರುವುದು ಎರಡೇ ಮಾತು,
ತೆರೆ, ಮುಚ್ಚು.
ಅರ್ಧ ತೆರೆಯುವ ದುಬಾರಿ ಕವಾಟ ಕೊಡಿಸಿ ಅಂದದ್ದಕ್ಕೆ
ಮಾಲೀಕ ಚಂಗಪ್ಪನವರು ಕ್ಯಾಲ್ಕುಲೇಟರು ಒತ್ತಿ ನೋಡಿ
"ಇರೋದ್ರಲ್ಲೇ ಮಾಡಮ್ಮ" ಅಂದರು.

ಗಾಳಿಯ ಲೆಕ್ಕ ಬರೆದೆ, ಮೂರು ಹಾಳೆ.
ಎಣ್ಣೆಯಾಗಿದ್ದರೆ ಹೇಳಿದಷ್ಟು ಹೋಗಿ ನಿಲ್ಲುತ್ತಿತ್ತು.
ಗಾಳಿ ಮುದುಡುತ್ತದೆ, ಮುನಿಸು ಒಳಗಿಟ್ಟುಕೊಳ್ಳುತ್ತದೆ.
ಸೀಲಿನ ರಬ್ಬರು ಪಿಸ್ಟನ್ನನ್ನು ಹಿಡಿದೇ ಇರುತ್ತದೆ, ಹಿಡಿದೇ ಇರುತ್ತದೆ,
ಒತ್ತಡ ಏರಿ, ಇನ್ನೂ ಏರಿ,
ಥಟ್ಟನೆ ಬಿಟ್ಟಾಗ
ಮೂರು ಹಾಳೆಯನ್ನೂ ದಾಟಿ ಹಾರುತ್ತದೆ ದಂಡ.
ಒಂದೇ ವಾರದಲ್ಲಿ ನಲವತ್ತೊಂದು ಸೀಸೆ.
ಚೂರು ಗುಡಿಸುವ ಕೆಂಪಾಜಮ್ಮನ ಸೆರಗೆಲ್ಲ ಮಲ್ಲಿಗೆಯ ಅತ್ತರು;
ಬಸ್ಸಲ್ಲಿ ಎಲ್ಲಾ ತಿರುಗಿ ನೋಡ್ತಾರೆ ಕಣವ್ವ
ಅಂತ ಬೈದಳು, ನಗುತ್ತಲೇ.

ಅದಕ್ಕೇ ಈಗ ತೆರೆ ಮುಚ್ಚು ತೆರೆ ಮುಚ್ಚು
ಸೆಕೆಂಡಿಗೆ ಐವತ್ತು ಸಲ.
ತೆರೆದ ಹೊತ್ತನ್ನು ತುಸು ಹಿಗ್ಗಿಸಿದರೆ ದಂಡ ಇಳಿಯುತ್ತದೆ,
ಕುಗ್ಗಿಸಿದರೆ ತಡೆಯುತ್ತದೆ.
ಹೌದು ಇಲ್ಲಗಳನ್ನು ಬೇಗಬೇಗ ಆಡಿದರೆ
ನಡುವಿನ ಮಾತೊಂದು ಹುಟ್ಟುತ್ತದೆ.
ಆದರೆ ಮೂರು ಮಿಲಿಸೆಕೆಂಡಿಗಿಂತ ಗಿಡ್ಡ ಮಾತು
ಕವಾಟಕ್ಕೆ ಕೇಳಿಸುವುದೇ ಇಲ್ಲ:
ಸುರುಳಿಯಲ್ಲಿ ಕಾಂತ ಕೂಡುವಷ್ಟರಲ್ಲಿ
ಅಪ್ಪಣೆಯ ಹೊತ್ತೇ ತೀರಿರುತ್ತದೆ.
ನನಗೆ ಬೇಕಿದ್ದದ್ದು ಒಂದೇ ಒಂದು.

ಊಟದ ಡಬ್ಬಿ ತಂದ ಅಬ್ಬಾ ಬಾಗಿಲಲ್ಲೇ ನಿಂತರು.
ಮಂಡಿ ಮೊಹಲ್ಲಾದಲ್ಲಿ ಹಾರ್ಮೋನಿಯಂ ರಿಪೇರಿ, ಮೂವತ್ತೆಂಟು ವರ್ಷ.
ಬಲಗಿವಿ ಈಗ ಮಂದ. ಎಡಗಿವಿ ತಿರುಗಿಸಿ
"ಬಿಳಿ ಒಂದು ಷಡ್ಜ ಅಂತಿಟ್ಟರೆ ಇದು ಪಂಚಮ.
ಪಾತಾಳದ ಪಂಚಮ. ಒಂದು ಕೂದಲು ಮೇಲಿದೆ."
ಆಮೇಲೆ, "ಆ ಮೂಲೇಲಿ ಗಾಳಿ ಸೋರ್ತಿದೆ ನೋಡು."

ಸೋಪಿನ ನೀರು ಹಚ್ಚಿದೆ. ಒಂದು ಗುಳ್ಳೆ ಏಳಲಿಲ್ಲ.
ಇನ್ನೊಮ್ಮೆ ಹಚ್ಚಿದೆ, ಅವರಿಗಾಗಿ.
"ಹಾಗಾದ್ರೆ ನನ್ನ ಕಿವಿಯದ್ದೇ ಇರಬೇಕು" ಅಂದು
ಸ್ಟೂಲಿನ ಮೇಲೆ ಕೂತರು.
ಡಬ್ಬಿಯ ಮುಚ್ಚಳ ಬಿಗಿದಿತ್ತು. ಒಂದು ಹೆಬ್ಬೆರಳಲ್ಲಿ ಎತ್ತುತ್ತ
ಇನ್ನೊಂದರಲ್ಲಿ ಅದನ್ನೇ ಅದುಮಿ ಹಿಡಿದರು,
ಸಾರು ಚೆಲ್ಲದ ಹಾಗೆ.

ಕೈ ತೊಳೆಯದೆ ಎದ್ದೆ.
ಮೇಲಿನ ಕೋಣೆಗೆ ಏಳು, ಕೆಳಗಿನದಕ್ಕೆ ಆರು.
ಎರಡೂ ಕವಾಟಕ್ಕೆ ಕೇಳಿಸಿತು.
ಉಳಿದ ಒಂದು ಮಿಲಿಸೆಕೆಂಡು
ದಂಡದ ತುದಿ ಹಿಡಿದು ಮೆಲ್ಲಗೆ ಇಳಿಸಿತು.
ಅರವತ್ತೆರಡು ಪಾಯಿಂಟ್ ಎರಡು.
ಸೀಸೆ ಇಡಿಯಾಗಿತ್ತು. ಅನ್ನ ಆರಿತ್ತು.

ಅಬ್ಬಾ ಗೋಡೆಗೊರಗಿ ಕಣ್ಣು ಮುಚ್ಚಿದ್ದರು.
"ನಿಂತಿತಾ?"
ಯಾವುದು ಅಂತ ಕೇಳದೆ
ಹೂಂ ಅಂದೆ.