ಓಲೆಯ ತಿರುಪು

ಬೆಳಗ್ಗೆ ಆರೂವರೆ. ಡಂಡಿಯ ಹಿಲ್‌ಟೌನ್ ಏರಿನಲ್ಲಿ
ಇನ್ನೂ ಕತ್ತಲು. ಟೇ ನದಿಯ ಕಡೆಯಿಂದ
ಉಪ್ಪು ಸವರಿಕೊಂಡ ಗಾಳಿ.
ಒಲೆಯ ಮೇಲೆ ಹಾಲಿಟ್ಟು
ಎಡಗಿವಿ ಮುಟ್ಟಿಕೊಂಡರೆ ಓಲೆ ಇದೆ,
ತಿರುಪಿಲ್ಲ.

ಸಾಸಿವೆಕಾಳಿಗಿಂತ ತುಸುವೇ ದೊಡ್ಡದು ಅದು.
ಅಜ್ಜಿಯ ಕಿವಿಯಿಂದ ನನ್ನ ಕಿವಿಗೆ ಬಂದದ್ದು,
ಮೂರು ಮದುವೆ, ಒಂದು ಗಿರವಿ ಕಂಡದ್ದು.
ಮಂಡಿಯೂರಿ, ಫೋನಿನ ಬೆಳಕು ಹಿಡಿದು
ಸೋಫಾದ ಅಡಿಗೆ ತಲೆ ತೂರಿಸಿದೆ.
ಸಿಕ್ಕಿದ್ದು ಒಂದು ಪೆನ್ನಿನ ಮುಚ್ಚಳ,
ಎರಡು ಕಡಲೆಬೀಜ,
ಹಿಂದಿನ ಬಾಡಿಗೆಯವರ ಬೆಕ್ಕಿನ ಕೂದಲು.

ಹಾಲು ಕಾಯುತ್ತದೆ;
ಯಾರಿಗಾಗಿಯೂ ಕಾಯುವುದಿಲ್ಲ.
ಉಕ್ಕಿತು. ಸೀದುಹೋಯಿತು. ಹೊಗೆ ಸೂರು ಮುಟ್ಟಿ
ಅಲಾರಂ ಅರಚಿಕೊಂಡಿತು,
ನನ್ನ ಮನೆಯದೊಂದೇ ಅಲ್ಲ, ಇಡೀ ಕಟ್ಟಡದ್ದು.

ಐದು ನಿಮಿಷದಲ್ಲಿ ಹನ್ನೊಂದು ಜನ ಬೀದಿಯಲ್ಲಿ.
ಬೇಕರಿಯ ಲೆಷೆಕ್ ಹೆಂಡತಿಯ ಕೋಟಿನಲ್ಲಿ,
ಕೆಳಮನೆಯ ಹುಡುಗ ಒಂದೇ ಕಾಲಿನ ಬೂಟಿನಲ್ಲಿ,
ನಾನು ನೈಟಿಯ ಮೇಲೆ ಶಾಲು ಹೊದ್ದು
ಒಂದು ಓಲೆ ಕಿವಿಯಲ್ಲಿ, ಇನ್ನೊಂದು ಅಂಗೈಯಲ್ಲಿ.
"ಕ್ಷಮಿಸಿ, ಹಾಲು" ಎಂದೆ ಒಬ್ಬೊಬ್ಬರಿಗೂ. "ಹಾಲು."
ನಮ್ಮ ಕಡೆ ಹಾಲುಕ್ಕಿದರೆ ಮನೆ ತುಂಬಿತೆನ್ನುತ್ತಾರೆ.
ಬಾಡಿಗೆ ಗೂಡಿಗೆ ಯಾರು ಹಾಲುಕ್ಕಿಸುತ್ತಾರೆಂದು
ಸುಮ್ಮನೆ ಬಂದು ಪೆಟ್ಟಿಗೆ ಬಿಚ್ಚಿದವರು ನಾವು.
ಇದನ್ನೆಲ್ಲ ಆ ಚಳಿಯಲ್ಲಿ ಯಾವ ಬಾಯಲ್ಲಿ ಹೇಳಲಿ.

ಲೆಷೆಕ್ ತಲೆ ಎಣಿಸಿ ಕೇಳಿದ: "ಎಫಿ ಎಲ್ಲಿ?"

ಎಫಿ ಡಾಯ್ಗ್. ನನ್ನ ನೆತ್ತಿಯ ಮೇಲಿನ ಮನೆ.
ಸದ್ದಾದರೆ ಎಲ್ಲರಿಗಿಂತ ಮೊದಲು ಬಯ್ಯುವವಳು,
ನಾನು ಮಿಕ್ಸಿ ಹಾಕಿದ ಕೂಡಲೇ
ಕೋಲಿನಿಂದ ನೆಲ ಕುಟ್ಟುವವಳು.
ಇಷ್ಟು ದೊಡ್ಡ ರಂಪಕ್ಕೆ ಒಂದು ಬೈಗುಳವೂ ಇಲ್ಲವೆಂದರೆ?

ನನ್ನ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.
ರಾತ್ರಿ ಚಟ್ನಿ ಅರೆಯುವಾಗ ಕುಟ್ಟಿದ್ದಳು.
ಮಿಕ್ಸಿ ನಿಲ್ಲಿಸಿದೆ.
ಮತ್ತೆ ಕುಟ್ಟಿದಳು.
ನಿಲ್ಲಿಸಿದ ಮೇಲೂ ಏನಿವಳದು ಎಂದು ಗೊಣಗಿ
ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದೆ.

ಅಗ್ನಿಶಾಮಕದವರು ಬೀಗ ಒಡೆದರು.
ಬಚ್ಚಲ ಹೊಸ್ತಿಲಲ್ಲಿ, ಸೊಂಟದ ಮೂಳೆ ಮುರಿದು,
ಟವೆಲ್ಲೊಂದನ್ನು ಎಳೆದು ಹೊದ್ದುಕೊಂಡು,
ಕೋಲು ಇನ್ನೂ ಮುಷ್ಟಿಯಲ್ಲೇ.
ಜೀವ ಇತ್ತು.
ಸ್ಟ್ರೆಚರಿನಲ್ಲಿ ಇಳಿಯುವಾಗ ನನ್ನ ಮುಖ ಕಂಡು
ಸೀದ ವಾಸನೆಯನ್ನು ಮೂಗಿಗೆಳೆದುಕೊಂಡಳು:
"ನಿನಗೆ ಹಾಲು ಕಾಯಿಸಲೂ ಬರಲ್ಲವೇನೇ?"
ಇಡೀ ಬೀದಿ ನಕ್ಕಿತು. ನನಗೆ ಅಳು ಬಂತು.

ಈಗ ಎಲ್ಲರ ಬಾಯಲ್ಲೂ ಆ ಹಾಲಿನದೇ ಮಾತು.
ಅದೃಷ್ಟ ಅನ್ನುತ್ತಾರೆ. ಲೆಷೆಕ್
ಬ್ರೆಡ್ಡಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.
ನಾನು ಮಾತ್ರ ಆ ಎರಡನೇ ಸಲದ ಕುಟ್ಟುವಿಕೆಯನ್ನು
ಮಿಕ್ಸಿ ನಿಂತ ಪ್ರತಿ ಸಲವೂ ಕೇಳುತ್ತೇನೆ.
ತಿರುಪು ಬೀಳದೆ, ಹಾಲು ಉಕ್ಕದೆ
ಎಲ್ಲವೂ ಸರಿಯಾಗಿಯೇ ಕಳೆದುಹೋದ ಬೆಳಗುಗಳಲ್ಲಿ
ಯಾರ ಸೂರಿನ ಮೇಲೆ ಯಾರು ಬಿದ್ದಿದ್ದರೋ.

ಭಾನುವಾರ ಆಸ್ಪತ್ರೆಗೆ ರವೆ ಗಂಜಿ ಒಯ್ದೆ.
ಎಫಿ ಒಂದು ಚಮಚ ಬಾಯಿಗಿಟ್ಟು
"ಉಪ್ಪು ಸಾಲದು" ಎಂದು ಪೂರ್ತಿ ತಿಂದಳು.
ಆಮೇಲೆ ನನ್ನ ಎಡಗಿವಿಯತ್ತ ಬೊಟ್ಟು ಮಾಡಿ,
"ಅದೇನದು, ಕಸ?"

ಪೊರಕೆ ಕಡ್ಡಿ, ಅಂದೆ.
ತೂತು ಮುಚ್ಚದಿರಲೆಂದು.